ಗುಳೆ: ಎರಡು ಕಾಲ, ಒಂದು ಪದ

ಹಿಂಸೆಗೆ ಅಂಜಿ ಊರು ತೊರೆಯುವುದನ್ನೂ ಕೂಲಿಗಾಗಿ ಊರು ಬಿಡುವುದನ್ನೂ ಕನ್ನಡವು ‘ಗುಳೆ’ ಎಂಬ ಒಂದೇ ಪದದಿಂದ ಗುರುತಿಸುತ್ತದೆ. ಬೀದರ ಸೀಮೆಯ ಅಧ್ಯಯನಗಳಾದರೋ ಮೊದಲನೆಯದನ್ನು ಹೈದರಾಬಾದ್ ವಿಮೋಚನೆಯ ಚರಿತ್ರೆಗೂ ಎರಡನೆಯದನ್ನು ಸಮಾಜಶಾಸ್ತ್ರಕ್ಕೂ ಹಂಚಿಬಿಟ್ಟಿವೆ. ಈ ವಿಭಜನೆ ಮರುಚಿಂತನೆಯನ್ನು ಬೇಡುತ್ತದೆ.

1948ರಲ್ಲಿ ರಜಾಕಾರರ ಹಾವಳಿಗೆ ತುತ್ತಾದ ಕುಟುಂಬಗಳು ಸಂಸ್ಥಾನದ ಗಡಿ ದಾಟಿ ಆಶ್ರಯ ಪಡೆದವು. ಸೆಪ್ಟೆಂಬರ್‌ನ ಪೊಲೀಸ್ ಕಾರ್ಯಾಚರಣೆಯ ತರುವಾಯ ಪ್ರತೀಕಾರಕ್ಕೆ ಗುರಿಯಾದ ಮುಸ್ಲಿಮ್ ಕುಟುಂಬಗಳು ಮನೆಮಾರು ಕಳೆದುಕೊಂಡವು. ಮೊದಲ ನೋವಿಗೆ ಗೋರ್ಟಾದಲ್ಲಿ ಸ್ಮಾರಕವಿದೆ. ಎರಡನೆಯದನ್ನು ದಾಖಲಿಸಿ, ಬೀದರವನ್ನು ಅತಿ ಹೆಚ್ಚು ನೊಂದ ನಾಲ್ಕು ಜಿಲ್ಲೆಗಳಲ್ಲಿ ಒಂದೆಂದು ಹೆಸರಿಸಿದ ಸುಂದರಲಾಲ್ ಸಮಿತಿಯ ವರದಿ ದಶಕಗಳ ಕಾಲ ಪ್ರಕಟವಾಗಲಿಲ್ಲ.

ಇಂದು ಔರಾದ್‌ನ ತಾಂಡಾಗಳಿಂದ, ಭಾಲ್ಕಿಯ ಹಳ್ಳಿಗಳಿಂದ ಜನ ಹೈದರಾಬಾದ್, ಪುಣೆ, ಮುಂಬೈಗಳಿಗೆ ದುಡಿಯಲು ಹೋಗುತ್ತಾರೆ. ಗಡಿಯಾಚೆಯ ಮರಾಠವಾಡದ ಕಬ್ಬು ಕಟಾವಿನಲ್ಲಿ ಗಂಡ ಹೆಂಡಿರನ್ನು ಕೂಡಿಸಿ ಒಂದು ‘ಕೊಯ್ತಾ’ ಎಂದು ಎಣಿಸುವ ರೂಢಿಯಿದೆ. ಹೆಣ್ಣಿನ ದುಡಿಮೆಗೆ ಪ್ರತ್ಯೇಕ ಲೆಕ್ಕವಿಲ್ಲ. ಸಾಲಕ್ಕೆ ಕಟ್ಟುಬಿದ್ದ ದುಡಿಮೆಯನ್ನು 1976ರ ಕಾಯ್ದೆ ಜೀತವೆಂದು ನಿಷೇಧಿಸಿದೆ. ಆದರೂ ಮುಂಗಡ ಪಡೆದವರ ಲೆಕ್ಕ ಗುತ್ತಿಗೆದಾರನ ವಹಿಯಲ್ಲಿಯೇ ಉಳಿಯುತ್ತದೆ.

ಎರಡೂ ಸಂದರ್ಭಗಳಲ್ಲಿ ನೊಂದವರ ಲೆಕ್ಕವನ್ನು ಬರೆದವರು ಅನ್ಯರು. ನೊಂದವರ ಕಥನ ಕನ್ನಡದಲ್ಲಿರುವಷ್ಟೇ ದಖನಿ, ಮರಾಠಿ, ಲಂಬಾಣಿಗಳಲ್ಲಿಯೂ ಇದೆ. ಕನ್ನಡ ಸಾಮಗ್ರಿಯನ್ನಷ್ಟೇ ಹುಡುಕುವ ಕ್ಷೇತ್ರಕಾರ್ಯಕ್ಕೆ ಅದು ದಕ್ಕದು. 1948ರಲ್ಲಿ ಹತ್ತು ವರ್ಷದವರಾಗಿದ್ದವರು ಈಗ ಎಂಬತ್ತೈದನ್ನು ದಾಟಿದ್ದಾರೆ. ಕನ್ನಡ ವಿಭಾಗಗಳು ಬೀದರದ ಹಳೆಯ ಓಣಿಗಳಿಗೂ ಔರಾದ್‌ನ ತಾಂಡಾಗಳಿಗೂ ಒಟ್ಟಿಗೆ ಹೋಗಬೇಕಾದ ತುರ್ತು ಇಲ್ಲಿದೆ.