ಔಷಧಿ ಉಚಿತ, ಆದರೆ ಹೊರಗಡೆ ತಗೊಳ್ಳಿ

ಸರ್ಕಾರಿ ಆಸ್ಪತ್ರೆಗೆ ಹೋಗಿ ಬಂದವರನ್ನು ಡಾಕ್ಟರು ಹೇಗೆ ನೋಡಿದರು ಎಂದು ಕೇಳಿದರೆ, ಚೆನ್ನಾಗಿಯೇ ನೋಡಿದರು ಎನ್ನುವವರು ಸಾಕಷ್ಟು ಮಂದಿ ಸಿಗುತ್ತಾರೆ. ಔಷಧಿ ಸಿಕ್ಕಿತೇ ಎಂದು ಕೇಳಿ, ಮಾತಿನ ಧಾಟಿಯೇ ಬದಲಾಗುತ್ತದೆ. "ಎರಡು ಕೊಟ್ಟರು, ಇನ್ನೆರಡು ಹೊರಗಡೆ ತಗೊಳ್ಳಿ ಅಂದರು." ಆ ಇನ್ನೆರಡರಲ್ಲೇ ಬಡವರ ಲೆಕ್ಕ ತಪ್ಪುವುದು.

ನೆಗಡಿ, ಜ್ವರಕ್ಕಾದರೆ ಹೇಗೋ ನಡೆಯುತ್ತದೆ. ಬಿ.ಪಿ., ಸಕ್ಕರೆ ಕಾಯಿಲೆಯ ಮಾತ್ರೆ ಹಾಗಲ್ಲ. ಅದು ರೇಷನ್ನಿನಂತೆ ತಿಂಗಳು ತಿಂಗಳು ಬೇಕು. ದಾಸ್ತಾನು ಕಡಿಮೆಯಿದ್ದಾಗ ತಿಂಗಳ ಮಾತ್ರೆಯ ಬದಲು ಹತ್ತು ದಿನದ್ದು ಕೊಟ್ಟು ಕಳಿಸಿದರೆ, ಕೂಲಿಯವನಿಗೆ ತಿಂಗಳಲ್ಲಿ ಮೂರು ದಿನದ ಕೂಲಿ ಹೋಯಿತು. 2023ರ ಜೂನ್‌ನಿಂದ ಹೆಂಗಸರಿಗೆ ಬಸ್ ಪ್ರಯಾಣ ಉಚಿತವಾದ ಮೇಲೆ ಗಂಡನ ಚೀಟಿ ಹಿಡಿದು ಹೆಂಡತಿ ಬರುವುದೂ ಉಂಟು. ಮಾತ್ರೆಯೇನೋ ಮನೆಗೆ ಹೋಗುತ್ತದೆ, ಬಿ.ಪಿ. ನೋಡಬೇಕಾದ ತೋಳು ಮಾತ್ರ ಮನೆಯಲ್ಲೇ ಉಳಿಯುತ್ತದೆ!

ಮಾತ್ರೆ ಮುಗಿದರೆ ಜನ ಏನು ಮಾಡುತ್ತಾರೆ? ಇರುವುದನ್ನೇ ದಿನ ಬಿಟ್ಟು ದಿನ ನುಂಗುತ್ತಾರೆ. ಬಿ.ಪಿ. ಏರಿದರೆ ನೋವಿಲ್ಲ, ಆದ್ದರಿಂದ ಬಿಟ್ಟದ್ದು ಗೊತ್ತಾಗುವುದೂ ಇಲ್ಲ. ಲಕ್ವ ಹೊಡೆದಾಗ ಅಥವಾ ಮೂತ್ರಪಿಂಡ ಕೈಕೊಟ್ಟಾಗ ಗೊತ್ತಾಗುತ್ತದೆ. ಉಳಿಸಿದ ಮಾತ್ರೆಯ ದುಡ್ಡಿನ ಎಷ್ಟೋ ಪಟ್ಟು ಖರ್ಚು ಆಗ ಬರುತ್ತದೆ.

ರೋಗಿಗಳ ಇನ್ನೊಂದು ದೂರು, ಸರ್ಕಾರಿ ಮಾತ್ರೆಗೆ 'ಪವರ್' ಇಲ್ಲ ಎಂಬುದು. ಟೆಂಡರ್ ಬದಲಾದಾಗ ಕಂಪನಿ ಬದಲಾಗುತ್ತದೆ, ಜೊತೆಗೆ ಮಾತ್ರೆಯ ಬಣ್ಣವೂ. ಒಳಗಿನ ಆಮ್ಲೋಡಿಪಿನ್ ಅದೇ. ಇದನ್ನು ಒಂದು ಮಾತಿನಲ್ಲಿ ತಿಳಿಸಿದರೆ ಎಷ್ಟೋ ಅನುಮಾನ ಕರಗುತ್ತದೆ. ಹಾಗೆಂದು ಜನರ ಭಯವನ್ನೆಲ್ಲ ಅಜ್ಞಾನವೆಂದು ತಳ್ಳಿಹಾಕುವುದೂ ಸಲ್ಲ. 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಸತ್ತಾಗ, ಡ್ರಿಪ್‌ನಲ್ಲಿ ಕೊಟ್ಟ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆಯೇ ಅನುಮಾನ ಬಂದಿತ್ತು. ಅದನ್ನು ಓದಿದವರು ಸರ್ಕಾರಿ ಬಾಟಲಿ ಕಂಡು ಹಿಂಜರಿದರೆ ತಪ್ಪೇನು?

ದೇಶದ ಒಟ್ಟು ಆರೋಗ್ಯ ವೆಚ್ಚದಲ್ಲಿ ಜನ ತಮ್ಮ ಕೈಯಿಂದ ಕೊಡುವ ಪಾಲು 2013-14ರಲ್ಲಿ ಶೇ 64.2 ಇದ್ದದ್ದು 2021-22ರಲ್ಲಿ ಶೇ 39.4ಕ್ಕೆ ಇಳಿದಿದೆ ಎಂದು ಸರ್ಕಾರಿ ಲೆಕ್ಕ ಹೇಳುತ್ತದೆ. ಸಂತೋಷ. ಆದರೆ ಚೀಟಿ ಹಿಡಿದು ಎದುರಿನ ಮೆಡಿಕಲ್ ಸ್ಟೋರಿಗೆ ನಡೆಯುವವನಿಗೆ ಸರಾಸರಿ ಕಟ್ಟಿಕೊಂಡು ಏನಾಗಬೇಕು?

2025ರ ಮೇ ತಿಂಗಳಲ್ಲಿ ರಾಜ್ಯ ಸರ್ಕಾರ ತನ್ನ ಆಸ್ಪತ್ರೆಗಳ ಆವರಣದಲ್ಲಿದ್ದ ಜನೌಷಧಿ ಕೇಂದ್ರಗಳನ್ನು ಮುಚ್ಚಲು ಆದೇಶಿಸಿತು. ಔಷಧಿಯನ್ನು ಉಚಿತವಾಗಿ ಕೊಡುವ ಕಡೆ ಮಾರುವ ಅಂಗಡಿ ಏಕೆ ಎಂಬುದು ಅದರ ವಾದ. ವಿಷಯ ಹೈಕೋರ್ಟ್ ಮೆಟ್ಟಿಲೇರಿತು. ವಾದ ತತ್ವಕ್ಕೆ ಸರಿ, ಕ್ರಮಕ್ಕೆ ಸರಿಯಲ್ಲ. ಮೊದಲು ಒಳಗಿನ ಕಪಾಟು ತುಂಬಲಿ. ಅದು ತುಂಬಿದರೆ ಅಂಗಡಿಯ ಮುಂದೆ ತಾನಾಗಿಯೇ ಜನ ಕಡಿಮೆಯಾಗುತ್ತಾರೆ. ಕಪಾಟು ಖಾಲಿಯಿರುವಾಗ ಅಗ್ಗದ ಅಂಗಡಿಯನ್ನೂ ಮುಚ್ಚಿದರೆ ಲಾಭ ಯಾರಿಗೆಂದು ಬೇರೆ ಹೇಳಬೇಕಿಲ್ಲ.

ತುಂಬುವುದು ಅಸಾಧ್ಯವೇನಲ್ಲ. ಪಕ್ಕದ ತಮಿಳುನಾಡು 1994ರಲ್ಲೇ ಖರೀದಿಗೆ ಪ್ರತ್ಯೇಕ ನಿಗಮ ಮಾಡಿತು. ಅಲ್ಲಿ ಒಂದೊಂದು ಆಸ್ಪತ್ರೆಗೂ ಪಾಸ್‌ಬುಕ್ ಕೊಟ್ಟು, ಅದರಲ್ಲಿರುವ ಮೊತ್ತಕ್ಕೆ ತಕ್ಕಂತೆ ಬೇಕಾದ ಔಷಧಿಯನ್ನು ಜಿಲ್ಲಾ ಉಗ್ರಾಣದಿಂದ ಪಡೆಯುವ ಏರ್ಪಾಡು ಮಾಡಿದರು. ಬಂದ ಸರಕಿನ ಮಾದರಿ ಪ್ರಯೋಗಾಲಯದ ಪರೀಕ್ಷೆಗೆ ಹೋಗುತ್ತದೆ. ನಮ್ಮಲ್ಲೂ ನಿಗಮವಿದೆ, ಉಗ್ರಾಣಗಳಿವೆ. ಟೆಂಡರ್ ತಡವಾದ ವರ್ಷ ಜನ ಹೊರಗೆ ಕೊಳ್ಳಬೇಕಾಗುತ್ತದೆ, ಅಷ್ಟೆ.

ಅಲ್ಲಿಯವರೆಗೆ ಒಂದು ಸಣ್ಣ ಕೆಲಸವನ್ನಾದರೂ ಮಾಡಬಹುದು. ಇಂದು ಯಾವ ಔಷಧಿ ಇದೆ, ಯಾವುದು ಇಲ್ಲ ಎಂದು ಔಷಧಿ ಕೌಂಟರಿನ ಪಕ್ಕದ ಹಲಗೆಯ ಮೇಲೆ ದಿನವೂ ಕನ್ನಡದಲ್ಲಿ ಬರೆಯಲಿ. ಇಲ್ಲದ್ದನ್ನು ಚೀಟಿಯ ಹಿಂದೆ 'ಇಲ್ಲ' ಎಂದು ಬರೆದು ಸಹಿ ಹಾಕಿ ಕೊಡಲಿ. ಸೀಮೆಸುಣ್ಣಕ್ಕೂ ಸಹಿಗೂ ಟೆಂಡರ್ ಬೇಕಿಲ್ಲ.