ಹೆಬ್ಬಾರರ ಹೆಸರು, ಮಕ್ಕಳ ಸ್ಪರ್ಧೆ, ಅಪ್ಪನ ಚಿತ್ರ!

ಜೂನ್ ಬಂತೆಂದರೆ ಉಡುಪಿಯಲ್ಲಿ ಮಳೆ ಸುರು, ಶಾಲೆ ಸುರು. ಹಿಂದಿನಿಂದಲೇ ಮಕ್ಕಳ ಚಿತ್ರಕಲಾ ಸ್ಪರ್ಧೆಗಳೂ ಸುರು. ಜೂನ್ 15 ಕೆ. ಕೆ. ಹೆಬ್ಬಾರರ ಹುಟ್ಟಿದ ದಿನ. ಇಲ್ಲೇ ಹತ್ತಿರದ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿ, ಮುಂಬಯಿಗೆ ಹೋಗಿ, ದೇಶವೇ ಗುರುತಿಸುವ ಕಲಾವಿದರಾಗಿ, ಪದ್ಮಶ್ರೀ, ಪದ್ಮಭೂಷಣ ಎರಡನ್ನೂ ಪಡೆದು, 1996ರಲ್ಲಿ ತೀರಿಕೊಂಡವರು. ಅಂಥವರ ಹೆಸರಿನಲ್ಲಿ ಮಕ್ಕಳ ಕೈಗೆ ಪೆನ್ಸಿಲ್ ಕೊಡುವುದು ಒಳ್ಳೆಯ ಕೆಲಸ. ಅದರಲ್ಲಿ ಎರಡು ಮಾತಿಲ್ಲ.

ಆದರೆ ಪೆನ್ಸಿಲ್ ಕೊಟ್ಟು ಮಾಡಿಸುವುದೇನು? ತಕರಾರು ಇರುವುದು ಅಲ್ಲಿ.

ಹೋಲಿಕೆಗೆ ಶೀಲ್ಡು

ದೊಡ್ಡ ಕಲಾವಿದರ ಹೆಸರಿನಲ್ಲಿ ಸ್ಪರ್ಧೆ ಎಂದರೆ ಸಾಮಾನ್ಯವಾಗಿ ನಡೆಯುವುದು ಹೀಗೆ. ಕಲಾವಿದರ ಒಂದು ಚಿತ್ರವನ್ನು ಗೋಡೆಗೆ ಅಂಟಿಸುತ್ತಾರೆ, ಇಲ್ಲವೇ ಝೆರಾಕ್ಸ್ ಮಾಡಿ ಹಂಚುತ್ತಾರೆ. "ಹೀಗೇ ಬಿಡಿಸಿ ಮಕ್ಕಳೇ" ಅಂತಾರೆ. ಯಾರದ್ದು ಹೆಚ್ಚು ಹೋಲುತ್ತದೋ ಅವರಿಗೆ ಶೀಲ್ಡು. ಮನೆಯಿಂದ ಬಿಡಿಸಿ ತರುವ ಸ್ಪರ್ಧೆಯಾದರೆ ಕೇಳುವುದೇ ಬೇಡ. ಮೂರನೇ ಕ್ಲಾಸಿನ ಹುಡುಗನ ಚಿತ್ರದಲ್ಲಿ ಅಪ್ಪನ ಗೆರೆ, ಅಮ್ಮನ ಬಣ್ಣ, ಅಕ್ಕನ ಅಕ್ಷರ. ಹುಡುಗನದ್ದು ಹೆಸರು ಮಾತ್ರ. ಶೀಲ್ಡು ಶೋಕೇಸಿಗೆ, ಫೋಟೋ ವಾಟ್ಸಾಪಿಗೆ!

ಇದರಲ್ಲಿ ಪೆಟ್ಟು ತಿನ್ನುವವರು ಯಾರು? ತನ್ನ ಕೈಯಿಂದಲೇ ಬಿಡಿಸಿದ ಮಗು. ಅದರ ಗೆರೆ ಸೊಟ್ಟ, ಬಣ್ಣ ಅರ್ಧಕ್ಕೆ ಮುಗಿದಿದೆ, ಮನೆಯಲ್ಲಿ ತಿದ್ದುವವರು ಯಾರೂ ಇಲ್ಲ. ಆದರೆ ಚಿತ್ರ ಅದರದ್ದೇ. ಬಹುಮಾನ ಬರುವುದಿಲ್ಲ. ಎರಡು ಸಲ ಹೀಗಾದರೆ "ನನಗೆ ಡ್ರಾಯಿಂಗ್ ಬರುವುದಿಲ್ಲ" ಎಂದು ಮಗು ತೀರ್ಮಾನ ಮಾಡಿಕೊಳ್ಳುತ್ತದೆ. ಆಮೇಲೆ ಜೀವಮಾನವಿಡೀ ಪೆನ್ಸಿಲ್ ಹಿಡಿಯುವುದಿಲ್ಲ. ಒಂದು ಊರಿನಲ್ಲಿ ಇಂಥ ಎಷ್ಟು ಕೈಗಳು ನಿಂತುಹೋಗಿವೆಯೋ, ಲೆಕ್ಕ ಇಟ್ಟವರಿಲ್ಲ.

"ಇಷ್ಟ ಬಂದದ್ದು ಬಿಡಿಸಿ" ಎಂದರೂ ಕಥೆ ಬದಲಾಗುವುದಿಲ್ಲ. ಎರಡು ಗುಡ್ಡ, ನಡುವೆ ಸೂರ್ಯ, ಒಂದು ಹೊಳೆ, ಒಂದು ಹೆಂಚಿನ ಮನೆ, ಆಕಾಶದಲ್ಲಿ ನಾಲ್ಕು ಕಾಗೆ. ಸೂರ್ಯ ಮಲ್ಪೆ ಕಡಲಿಗೆ ಇಳಿಯುವುದನ್ನು ಕಂಡ ಮಕ್ಕಳು ಅವನನ್ನು ಗುಡ್ಡಗಳ ನಡುವೆ ಕೂರಿಸುತ್ತಾರೆ! ಯಾಕೆಂದರೆ ಅದು ಕಣ್ಣಿಂದ ಕಂಡ ಚಿತ್ರ ಅಲ್ಲ, ಯಾರೋ ಹೇಳಿಕೊಟ್ಟ ಚಿತ್ರ.

ಹೆಬ್ಬಾರರ ದಾರಿ

ಹೆಬ್ಬಾರರು ಹಿಡಿದ ದಾರಿ ಬೇರೆ. ಮುಂಬಯಿಯ ಜೆ. ಜೆ. ಕಲಾಶಾಲೆಯಲ್ಲಿ ಕಲಿತರು, ಅಲ್ಲೇ ಮೇಷ್ಟರೂ ಆದರು. ಆಮೇಲೆ ಪ್ಯಾರಿಸ್ಸಿಗೂ ಹೋಗಿ ಕಲಿತು ಬಂದರು. ಆದರೂ ಅವರ ಚಿತ್ರಗಳಲ್ಲಿ ಮತ್ತೆ ಮತ್ತೆ ಬಂದವರು ಈ ದೇಶದ ದುಡಿಯುವ ಜನ, ಕುಣಿಯುವ ಜನ. ಕುಣಿತದ ಲಯ ಕೈಗೆ ಹತ್ತಬೇಕೆಂದು ಕಥಕ್ ನೃತ್ಯವನ್ನೇ ಅಭ್ಯಾಸ ಮಾಡಿದರು. ಚಿತ್ರ ಬಿಡಿಸಲು ಕಾಲಿಗೆ ಗೆಜ್ಜೆ! ಅವರ ರೇಖಾಚಿತ್ರ ನೋಡಿದವರಿಗೆ ಗೊತ್ತು, ನಾಲ್ಕಾರು ಗೆರೆಗಳಲ್ಲಿ ಕುಣಿಯುವವಳ ಇಡೀ ಮೈ ಎದ್ದು ಬರುತ್ತದೆ. ಆ ರೇಖಾಚಿತ್ರಗಳ ಪುಸ್ತಕಕ್ಕೆ ಇಟ್ಟ ಹೆಸರು 'ದಿ ಸಿಂಗಿಂಗ್ ಲೈನ್'. ಅಂದರೆ ಹಾಡುವ ಗೆರೆ.

ಮಕ್ಕಳಿಗೆ ಕೊಡಬೇಕಾದ್ದು ಆ ನೋಡುವ ಅಭ್ಯಾಸವನ್ನು. ಅವರ ಚಿತ್ರದ ಝೆರಾಕ್ಸನ್ನಲ್ಲ. ನಕಲು ಮಾಡುತ್ತಾ ಕಲಿಯುವ ಪದ್ಧತಿ ಹಳೆಯದು, ದೊಡ್ಡ ಕಲಾವಿದರೂ ಹಾಗೆ ಕಲಿತದ್ದುಂಟು. ಅದು ಅಭ್ಯಾಸಕ್ಕೆ ಸರಿ. ಎಂಟು ವರ್ಷದ ಮಗುವಿನ ನಕಲಿಗೆ ವೇದಿಕೆ ಮೇಲೆ ಶೀಲ್ಡು ಕೊಡುವುದು ಬೇರೆ ವಿಷಯ.

ಖರ್ಚಿಲ್ಲದ ಕೆಲಸ

ಹಾಗಾದರೆ ಮಾಡಿಸುವುದೇನು? ಮಳೆ ಬಿಟ್ಟ ಹೊತ್ತಿನಲ್ಲಿ ಮಕ್ಕಳನ್ನು ಮಲ್ಪೆ ಬಂದರಿಗೆ ಕರೆದುಕೊಂಡು ಹೋಗಿ. ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಬೋಟುಗಳು ಸಾಲಾಗಿ ನಿಂತಿರುತ್ತವೆ. ಇಷ್ಟು ಒಳ್ಳೆ ಮಾಡೆಲ್ ಯಾವ ಕಲಾಶಾಲೆಯಲ್ಲಿ ಸಿಗುತ್ತದೆ? ಹಳ್ಳಿ ಶಾಲೆಯಾದರೆ ಬಂದರೂ ಬೇಡ, ಪಕ್ಕದ ಗದ್ದೆಯಲ್ಲಿ ನೇಜಿ ನೆಡುವ ಹೆಂಗಸರ ಸಾಲು ಉಂಟು. ಬಾಗಿದ ಬೆನ್ನುಗಳನ್ನು ಒಂದೊಂದೇ ಗೆರೆಯಲ್ಲಿ ಹಿಡಿಯಲಿ. ಐದು ನಿಮಿಷ, ಒಂದು ಪೆನ್ಸಿಲ್. ರಬ್ಬರ್ ಇಲ್ಲ, ಸ್ಕೇಲ್ ಇಲ್ಲ. ಸೊಟ್ಟ ಬಂದರೆ ಬರಲಿ.

ಹೊರಗೆ ಜೋರು ಮಳೆಯೋ? ಪತ್ತನಾಜೆ ಕಳೆದು ಮೇಳದವರು ಗೆಜ್ಜೆ ಬಿಚ್ಚಿದ್ದಾರೆ. ಚೆಂಡೆ ಬಾರಿಸುವವರೊಬ್ಬರನ್ನು ಕ್ಲಾಸಿಗೆ ಕರೆಯಿರಿ. ನಿಧಾನ ಬಡಿದಾಗ ಉದ್ದ ಗೆರೆ, ಜೋರು ಬಡಿದಾಗ ಗಿಡ್ಡ ಗೆರೆ. ಕುಣಿತವನ್ನು ಗೆರೆಗೆ ಇಳಿಸುವುದೆಂದರೆ ಏನೆಂದು ಭಾಷಣ ಇಲ್ಲದೆ ಮಕ್ಕಳಿಗೆ ತಿಳಿಯುತ್ತದೆ. ಡೀಸಿಯವರು ಮಳೆಗೆ ರಜೆ ಕೊಟ್ಟ ದಿನವೂ ವ್ಯರ್ಥ ಅಲ್ಲ. ಮಾಡಿನಿಂದ ಇಳಿಯುವ ನೀರು, ಮೂಲೆಯಲ್ಲಿ ಒಣಗಲಿಟ್ಟ ಕೊಡೆ, ಒದ್ದೆ ಬೆಕ್ಕು, ಯಾವುದನ್ನಾದರೂ ಕೂತು ನೋಡಿ ಬಿಡಿಸಬಹುದು.

ಹೆಡ್ಮಾಸ್ಟರರ ಉತ್ತರ

"ಡ್ರಾಯಿಂಗ್ ಮಾಸ್ಟ್ರೇ ಇಲ್ಲ, ಏನು ಮಾಡುವುದು?" ಎಂದು ಹೆಡ್ಮಾಸ್ಟರರು ಕೇಳುತ್ತಾರೆ. ಕೇಳಬೇಕಾದ್ದೇ. ಎಷ್ಟೋ ಸರಕಾರಿ ಶಾಲೆಗಳಲ್ಲಿ ಆ ಹುದ್ದೆಯಲ್ಲಿ ಯಾರೂ ಇಲ್ಲ. ಇದ್ದ ಕಡೆ ಆ ಪೀರಿಯಡ್ಡು ಲೆಕ್ಕದ ಮೇಷ್ಟರ ಪಾಲು, ಎಸ್ಸೆಸ್ಸೆಲ್ಸಿಯವರಿಗಂತೂ ಅದು ಟೈಮ್ ಟೇಬಲ್ಲಿನ ಅಲಂಕಾರ. ಇದಕ್ಕೆ ಇಲಾಖೆಯೇ ಉತ್ತರ ಹೇಳಬೇಕು. ಆದರೆ ಮೇಲಿನ ಕೆಲಸಗಳಿಗೆ ಡಿಪ್ಲೊಮಾ ಆದವರೇ ಬೇಕೆಂದಿಲ್ಲ. ಮಕ್ಕಳನ್ನು ಸುಮ್ಮನೆ ಬಿಟ್ಟು, ಕೈ ಹಿಡಿದು ತಿದ್ದದೆ ಇರುವ ಮೇಷ್ಟರು ಸಾಕು.

"ಇದರಿಂದ ಹೊಟ್ಟೆ ತುಂಬುತ್ತದಾ?" ಎಂದು ಕೇಳುವ ತಂದೆತಾಯಂದಿರೂ ಇದ್ದಾರೆ. ಪೇಟೆಯಲ್ಲಿ ಒಂದು ಸುತ್ತು ಹಾಕಿ ಬರಲಿ. ಬಟ್ಟೆಗೆ ಕತ್ತರಿ ಹಾಕುವ ಮುಂಚೆ ಟೈಲರ್ ಗೆರೆ ಎಳೀತಾನೆ. ಮರಕ್ಕೆ ಗರಗಸ ಇಡುವ ಮುಂಚೆ ಆಚಾರಿ ಗೆರೆ ಹಾಕ್ತಾನೆ. ಚಿನ್ನದ ಕೆಲಸದವನಿಗೂ ಗಾರೆ ಮೇಸ್ತ್ರಿಗೂ ಕಣ್ಣಳತೆ ಬೇಕು. ಅದು ಝೆರಾಕ್ಸ್ ನೋಡಿ ಬರುವಂಥದ್ದಲ್ಲ.

ಅಂಗಡಿಯವರಿಗೂ ಪಾಲುಂಟು

ಒಂದು ಕಾಲದಲ್ಲಿ ಅಂಗಡಿ ಬೋರ್ಡೆಂದರೆ ಪೇಂಟರ್ ಏಣಿ ಹತ್ತಿ ಬರೆಯುತ್ತಿದ್ದ. ಶಾಲೆ ಬಿಟ್ಟ ಮಕ್ಕಳು ಕೆಳಗೆ ನಿಂತು ಬಾಯಿ ಬಿಟ್ಟು ನೋಡುತ್ತಿದ್ದವು. ಫ್ಲೆಕ್ಸ್ ಬಂದ ಮೇಲೆ ಆ ಪೇಂಟರೂ ಇಲ್ಲ, ನೋಡುವ ಮಕ್ಕಳೂ ಇಲ್ಲ. ಹಳೇ ಬೋರ್ಡು ವಾಪಸ್ ತನ್ನಿ ಎಂದು ಯಾರೂ ಹೇಳುತ್ತಿಲ್ಲ. ಒಂದು ಬದಿ ಖಾಲಿ ಇರುವ ಬಿಲ್ಲು, ಹೋದ ವರ್ಷದ ಕ್ಯಾಲೆಂಡರ್, ಬಟ್ಟೆ ಪೆಟ್ಟಿಗೆಯ ರಟ್ಟು ರದ್ದಿಗೆ ಹೋಗುವ ಬದಲು ಹತ್ತಿರದ ಶಾಲೆಗೆ ಹೋಗಲಿ. ಮಕ್ಕಳು ಬಿಡಿಸಿ ತಂದದ್ದನ್ನು ಕೌಂಟರ್ ಹಿಂದೆ ಒಂದು ವಾರ ತೂಗಹಾಕಿ. ಬಸ್ ಸ್ಟ್ಯಾಂಡಿನಲ್ಲೂ ಒಂದು ಗೋಡೆ ಬಿಟ್ಟುಕೊಡಲಿ. ಲೇಟಾದ ಸರ್ವೀಸ್ ಬಸ್ಸಿಗೆ ಕಾಯುವವರು ಗುಟ್ಕಾ ಕಲೆ ನೋಡುವ ಬದಲು ಮಕ್ಕಳ ಬೋಟು ನೋಡಲಿ.

ಸ್ಪರ್ಧೆ ನಡೆಸುವ ಸಂಘ ಸಂಸ್ಥೆಯವರಿಗೆ ಮೂರೇ ಮಾತು. ಮನೆಯಿಂದ ಬಿಡಿಸಿ ತಂದ ಚಿತ್ರ ತೆಗೆದುಕೊಳ್ಳಬೇಡಿ. ಸ್ಪರ್ಧೆಯ ಹಾಲಿನ ಒಳಗೆ ಅಪ್ಪ ಅಮ್ಮನನ್ನು ಬಿಡಬೇಡಿ. ಒಂದು, ಎರಡು, ಮೂರು ಅಂತ ಬಹುಮಾನ ಎಣಿಸುವ ದುಡ್ಡಿನಲ್ಲಿ ಬಂದ ಮಕ್ಕಳಿಗೆಲ್ಲ ಒಂದೊಂದು ಪುಸ್ತಕ, ಪೆನ್ಸಿಲ್ ಕೊಡಿ. ಮುಂದಿನ ಜೂನ್ 15ಕ್ಕೆ ಒಂದೇ ಒಂದು ಸಂಸ್ಥೆ ಇಷ್ಟು ಮಾಡಿದರೂ ಕಟ್ಟಿಂಗೇರಿಯ ಆ ದೊಡ್ಡ ಮನುಷ್ಯರ ಹೆಸರು ಇಟ್ಟುಕೊಂಡದ್ದಕ್ಕೆ ಸಾರ್ಥಕ. ಯಾರು ಮುಂದೆ ಬರುತ್ತಾರೆ?