ಛೀ ಛೀ ಅಲ್ಲ, ಚೀಚಿ!

ನಮ್ಮ ಮನೆಯಲ್ಲಿ ಭಾನುವಾರ ಮಧ್ಯಾಹ್ನ ಊಟ ಮುಗಿದು, ಪಾತ್ರೆ ತೊಳೆದು, ನೆಲ ಒರೆಸಿದ ಮೇಲೆ ಏನು ನಡೆಯುತ್ತದೆ ಎಂದು ಹೇಳಿದರೆ ನೀವು ನಗುತ್ತೀರಿ. ನಗಿ, ಪರವಾಗಿಲ್ಲ. ನಲವತ್ತು ದಾಟಿದ ಹೆಂಗಸು ಗೋಡೆಗೊರಗಿ ಕಾಲು ಚಾಚಿ ಕುಳಿತು ಹೊಡೆದಾಟದ ಕಾರ್ಟೂನ್ ನೋಡುತ್ತಾಳೆ! ಅದೂ ಒಬ್ಬಳೇ ಅಲ್ಲ. ನನ್ನ ತಮ್ಮ, ಅವನ ಹೆಂಡತಿ, ಅವರ ಮಗಳು, ನನ್ನ ಮಗ, ಪಕ್ಕದ ಮನೆಯ ಅಜ್ಜಿ, ಎಲ್ಲ ಸೇರಿ ಅದೊಂದು ಸಭೆಯೇ ಆಗಿಬಿಡುತ್ತದೆ. ನಮ್ಮ ಯಜಮಾನರು ಮಾತ್ರ ಪೇಪರನ್ನು ಮುಖಕ್ಕೆ ಅಡ್ಡ ಹಿಡಿದು ಕೂತಿರುತ್ತಾರೆ. ಆದರೆ ಹೊಡೆದಾಟ ಜೋರಾದಾಗ ಪೇಪರು ತಾನಾಗಿ ಕೆಳಗಿಳಿಯುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ.

ಆ ಕಾರ್ಟೂನಿನ ಹೆಸರು ಡ್ರ್ಯಾಗನ್ ಬಾಲ್. ಜಪಾನಿನದು. ಅಕಿರಾ ತೋರಿಯಾಮ ಎಂಬ ಚಿತ್ರಕಾರರು 1984ರಿಂದ 1995ರವರೆಗೆ ಅಲ್ಲಿನ ಒಂದು ವಾರಪತ್ರಿಕೆಯಲ್ಲಿ ಬಿಡಿಸಿದ ಚಿತ್ರಕಥೆ. ಪತ್ರಿಕೆಯಲ್ಲಿ ಕಥೆ ನಡೆಯುತ್ತಿರುವಾಗಲೇ, 1986ರಲ್ಲಿ, ಅದು ಟೀವಿಗೂ ಬಂತು. ಮೊದಲ ಭಾಗ 153 ಕಂತು. 1989ರಲ್ಲಿ ಶುರುವಾದ ಎರಡನೇ ಭಾಗಕ್ಕೆ ಡ್ರ್ಯಾಗನ್ ಬಾಲ್ ಝಡ್ ಅಂತ ಹೆಸರು, ಅದು 1996ರವರೆಗೆ ಓಡಿ 291 ಕಂತಾಯಿತು. ನಮ್ಮ ಧಾರಾವಾಹಿಗಳನ್ನು ಬಯ್ಯುವವರು ಈ ಲೆಕ್ಕ ನೋಡಲಿ! ಎಳೆಯುವುದರಲ್ಲೂ ಅವರು ನಮಗೆ ಗುರುಗಳೇ. ಪತ್ರಿಕೆಯ ಕಥೆಯನ್ನು ಟೀವಿ ದಾಟಿ ಹೋಗಬಾರದಲ್ಲ, ಅದಕ್ಕೆ ಎಳೆದೂ ಎಳೆದೂ ಇಡುತ್ತಿದ್ದರಂತೆ. ಒಂದು ಕಡೆ ಖಳನಾಯಕ, ಇನ್ನು ಐದು ನಿಮಿಷದಲ್ಲಿ ಈ ಗ್ರಹ ಸಿಡಿಯುತ್ತದೆ ಅನ್ನುತ್ತಾನೆ. ಆ ಐದು ನಿಮಿಷ ಮುಗಿಯಲು ಹತ್ತಿರ ಹತ್ತಿರ ಹತ್ತು ಕಂತು ಹಿಡಿಯಿತು. ನಾನು ಅಷ್ಟರಲ್ಲಿ ಒಂದು ಸೇರು ಅವರೆಕಾಯಿ ಸುಲಿದು, ಹಿದುಕಿ ಮುಗಿಸಿದ್ದೆ.

ಇದನ್ನು ನಾನು ಮೊದಲು ನೋಡಿದ್ದು 2000ದ ಈಚಿನ ವರ್ಷಗಳಲ್ಲಿ. ನನಗಿನ್ನೂ ಮದುವೆ ಆಗಿರಲಿಲ್ಲ. ಕಾರ್ಟೂನ್ ನೆಟ್‌ವರ್ಕಿನಲ್ಲಿ ಇದು ಬರುವ ಹೊತ್ತಿಗೆ ತಮ್ಮ ಸ್ಕೂಲಿಂದ ಓಡಿ ಬಂದು ರಿಮೋಟು ಕಿತ್ತುಕೊಳ್ಳುತ್ತಿದ್ದ. ನನಗೋ ಹಾಡಿನ ಕಾರ್ಯಕ್ರಮ ಬೇಕು. ಜಗಳವಾಡಿ, ಸೋತು, ಅವನ ಪಕ್ಕದಲ್ಲೇ ಕೂತು ನೋಡುತ್ತಿದ್ದೆ. ಮಾತು ಅರ್ಧ ತಿಳಿಯುತ್ತಿರಲಿಲ್ಲ. 2024ರ ಮಾರ್ಚ್ 1ರಂದು ತೋರಿಯಾಮ ಅವರು ತೀರಿಕೊಂಡರು, 68 ವರ್ಷ. ಸುದ್ದಿ ಬಂದ ದಿನ ತಮ್ಮ ಫೋನು ಮಾಡಿ, ಮನೆಯವರೇ ಹೋದಷ್ಟು ಸಪ್ಪಗೆ, "ಅಕ್ಕಾ, ಮೊದಲಿಂದ ಇನ್ನೊಂದ್ ಸಲ ನೋಡೋಣ್ವಾ?" ಅಂದ. ಎರಡು ಮಕ್ಕಳ ತಂದೆಯ ವಯಸ್ಸಿನವನು ಹಾಗೆ ಕೇಳಿದರೆ ಆಗಲ್ಲ ಅನ್ನಲು ಬಾಯಿ ಬರಲಿಲ್ಲ. ಭಾನುವಾರಕ್ಕೆ ನಾಲ್ಕು ಕಂತು ಅಂತ ಗೊತ್ತು ಮಾಡಿಕೊಂಡೆವು. ಮದುವೆ, ಮುಂಜಿ, ಪರೀಕ್ಷೆ ಅಂತ ಎಷ್ಟೋ ಭಾನುವಾರ ತಪ್ಪಿದವು. ಆದರೂ ಬಿಟ್ಟಿಲ್ಲ.

ಕಥೆ ಏನೆಂದರೆ, ಬಾಲವಿರುವ ಒಬ್ಬ ಹುಡುಗ, ಹೆಸರು ಗೊಕು. ಕಾಡಿನಲ್ಲಿ ಒಬ್ಬ ತಾತ ಸಾಕಿದ್ದು. ಏಳು ಮಾಯದ ಗುಂಡುಗಳನ್ನು ಕೂಡಿಸಿದರೆ ಡ್ರ್ಯಾಗನ್ ಎದ್ದು ಬಂದು ವರ ಕೊಡುತ್ತದೆ. ಅದನ್ನು ಹುಡುಕುತ್ತ, ಗುರುಗಳ ಹತ್ತಿರ ಮಲ್ಲಯುದ್ಧ ಕಲಿಯುತ್ತ, ಪಂದ್ಯಗಳಲ್ಲಿ ಸೆಣಸುತ್ತ ಹುಡುಗ ಬೆಳೆಯುತ್ತಾನೆ. ಕೈಯಲ್ಲಿ ಉದ್ದವಾಗುವ ಕೋಲು, ಕಾಲಡಿಯಲ್ಲಿ ಹಾರುವ ಮೋಡ. ಅಜ್ಜಿ ಕಂಡವರೇ "ಹನುಮಂತ ಅಲ್ವೇನೇ ಇವ್ನು?" ಅಂದರು. ಅಜ್ಜಿಯ ಮಾತು ಪೂರಾ ತಪ್ಪಲ್ಲ. ಚೀನಾದಲ್ಲಿ 16ನೇ ಶತಮಾನದ ಒಂದು ದೊಡ್ಡ ಕಥೆಯಿದೆ. ಒಬ್ಬ ಬೌದ್ಧ ಸನ್ಯಾಸಿ ಧರ್ಮಗ್ರಂಥ ತರಲು ಭಾರತಕ್ಕೆ ಹೊರಡುತ್ತಾನೆ, ಅವನ ಜೊತೆಗೆ ಒಂದು ಪರಾಕ್ರಮಿ ಕಪಿ. ಆ ಕಪಿಯ ಚೀನೀ ಹೆಸರನ್ನೇ ಜಪಾನೀ ರೀತಿಯಲ್ಲಿ ಓದಿದರೆ ಸೋನ್ ಗೊಕು. ಆ ಸನ್ಯಾಸಿ ಯಾರು ಗೊತ್ತೇ? ಸ್ಕೂಲಿನಲ್ಲಿ ನಾವೆಲ್ಲ ಬಾಯಿಪಾಠ ಮಾಡಿದ ಹ್ಯೂಯೆನ್ ತ್ಸಾಂಗ್! ನಮ್ಮ ಪುಲಕೇಶಿಯ ರಾಜ್ಯ ನೋಡಿ ಬರೆದಿಟ್ಟವನೇ. ಇದನ್ನು ಹೇಳಿದಾಗ ಯಜಮಾನರ ಪೇಪರು ಪೂರ್ತಿ ಮಡಚಿಕೊಂಡಿತು.

ಇನ್ನು ಹೆಸರುಗಳು! ಅಡುಗೆಮನೆಯಲ್ಲಿ ಕೂತು ಇಟ್ಟ ಹಾಗಿವೆ. ಗೊಕುವಿನ ಸ್ವಂತ ಹೆಸರು ಕಾಕರೊಟ್, ಅಂದರೆ ಕ್ಯಾರೆಟ್. ಅವನ ಅಣ್ಣ ರ್‍ಯಾಡಿಟ್ಸ್, ಮೂಲಂಗಿ. ವೆಜಿಟಾ ಅಂತ ಒಬ್ಬ ಜಂಬಗಾರ ರಾಜಕುಮಾರ, ಇಡೀ ತರಕಾರಿಯೇ. ಮೈ ನಡುಗಿಸುವ ಖಳ ಫ್ರೀಜಾ ಅಂದರೆ ನಮ್ಮ ಫ್ರಿಜ್ಜಿನ ಮೇಲಿನ ಖಾನೆ. ಗೊಕುವಿನ ಮಗ ಗೋಹಾನ್. ಜಪಾನೀ ಭಾಷೆಯಲ್ಲಿ ಗೋಹಾನ್ ಅಂದರೆ ಅನ್ನ. ಸಾಕಿದ ತಾತನ ಹೆಸರನ್ನೇ ಮಗನಿಗೆ ಇಟ್ಟದ್ದು, ನಮ್ಮ ಪದ್ಧತಿಯಂತೆಯೇ.

ಆ ಗೋಹಾನನ ತಾಯಿ ಚೀಚಿ. ಹೆಸರು ಕೇಳಿ ಅಜ್ಜಿ, "ಹೆಣ್ಣು ಕೂಸಿಗೆ ಛೀ ಛೀ ಅಂತ ಹೆಸರಿಡ್ತಾರೇನೇ?" ಅಂತ ಬಾಯಿಗೆ ಸೆರಗು ಹಿಡಿದರು. ನಾನು ಈ ಸಲ ಬರೆಯಲು ಕೂತದ್ದೇ ಅವಳಿಗಾಗಿ.

ಅವಳ ಮದುವೆಯ ಕಥೆ ಕೇಳಿ. ಚಿಕ್ಕವಳಿದ್ದಾಗ, ದೊಡ್ಡವರಾದ ಮೇಲೆ ನನ್ನನ್ನು ಹೆಂಡತಿಯಾಗಿ ಕರೆದುಕೊಂಡು ಹೋಗಲು ಬಾ ಅಂತ ಗೊಕುವನ್ನು ಕೇಳುತ್ತಾಳೆ. ಏನೋ ಕೊಡುತ್ತಾರಂತೆ, ಬಂದು ತಗೊಂಡರಾಯಿತು ಅಂತ ಇವನು ಒಪ್ಪಿಬಿಡುತ್ತಾನೆ. ಹೆಂಡತಿ ಅಂದರೆ ತಿನ್ನುವ ಪದಾರ್ಥ ಅಂದುಕೊಂಡಿದ್ದನಂತೆ ಪಾಪ! ವರ್ಷಗಳು ಕಳೆದು ಅವನು ಮರೆತ. ಅವಳು ಮರೆಯಲಿಲ್ಲ. ಹೆಸರು ಹೇಳದೆ ಅದೇ ದೊಡ್ಡ ಪಂದ್ಯಕ್ಕೆ ಬಂದು, ಅಖಾಡದಲ್ಲಿ ಅವನೆದುರು ನಿಂತು, ಮಾತು ಕೊಟ್ಟು ಮರೆತಿದ್ದೀಯಲ್ಲ ಅಂತ ಕೈ ಮಾಡುತ್ತಾಳೆ. ಸೋಲುತ್ತಾಳೆ. ಆದರೆ ಅಲ್ಲಿಯೇ ಮದುವೆ ನಿಶ್ಚಯವಾಗುತ್ತದೆ. ನೆನಪಿಡಿ, ಆ ಪಂದ್ಯದ ಕೊನೆಯ ಎಂಟು ಜನರಲ್ಲಿ ಅವಳೊಬ್ಬಳು. ಮದುವೆಯಾದ ಮೇಲೆ ಅವಳ ಕೈಗೆ ಬಂದದ್ದು ಸೌಟು.

ಅಲ್ಲಿಂದ ಮುಂದೆ ಅವಳನ್ನು ನಗೆಪಾಟಲು ಮಾಡಿದ್ದಾರೆ. ಯಾವಾಗ ನೋಡಿದರೂ ಕಿರುಚಾಟ. "ಗೋಹಾನ್, ಓದು!" ಭೂಮಿಯೇ ಮುಳುಗಿಹೋಗುತ್ತಿದ್ದರೂ "ಓದು!" ತಮ್ಮ ಮತ್ತು ಅವನ ಸ್ನೇಹಿತರು ಆಗಲೂ ಅವಳನ್ನು ಬಯ್ಯುತ್ತಿದ್ದರು, ಜೊತೆಗೆ ನಾನೂ ನಗುತ್ತಿದ್ದೆ. ಸುಳ್ಳೇಕೆ ಹೇಳಲಿ.

ಈಗ ಎರಡನೇ ಸಲ ನೋಡುವಾಗ ಬೇರೆ ಲೆಕ್ಕ ಕಾಣಿಸಿತು. ಮಗನಿಗೆ ನಾಲ್ಕು ವರ್ಷವಾದಾಗ ಗೊಕು ಯುದ್ಧದಲ್ಲಿ ಸತ್ತ. ಮಗುವನ್ನು ಪಿಕೊಲೊ ಎಂಬ ಹಸಿರು ಮೈಯವನು, ಗೊಕುವಿನ ಹಳೆಯ ವೈರಿ, ತಾಲೀಮು ಕೊಡುತ್ತೇನೆಂದು ಕಾಡಿಗೆ ಎತ್ತಿಕೊಂಡು ಹೋದ. ತಾಯಿಯನ್ನು ಒಂದು ಮಾತು ಕೇಳಲಿಲ್ಲ! ಒಂದು ವರ್ಷ ಅವಳು ಮಗುವಿನ ಮುಖ ನೋಡಿಲ್ಲ. ಕೊನೆಗೆ ಯುದ್ಧಭೂಮಿಗೆ ಬಂದಾಗ, ಮರುಜೀವ ಪಡೆದು ಬಂದು ಮೂಳೆಗಳೆಲ್ಲ ಮುರಿದು ಬಿದ್ದಿರುವ ಗಂಡನನ್ನು ದಾಟಿಕೊಂಡು ಓಡಿ ಮಗನನ್ನು ತಬ್ಬಿಕೊಳ್ಳುತ್ತಾಳೆ. ಇದು ತಮಾಷೆಯ ದೃಶ್ಯ. ಎಲ್ಲರೂ ನಕ್ಕರು. ಅಜ್ಜಿ ನಗಲಿಲ್ಲ, "ಮತ್ತಿನ್ನೇನ್ ಮಾಡ್ತಾಳೆ" ಅಂದರು.

ಆಮೇಲೆ ಗೊಕು ದೂರದ ಗ್ರಹಕ್ಕೆ ಹೋದ. ಅಲ್ಲಿ ಕೆಲಸ ಮುಗಿದ ಮೇಲೆ ಡ್ರ್ಯಾಗನ್‌ಗೆ ವರ ಕೇಳಿ ಕರೆಸಿಕೊಳ್ಳುತ್ತೇವೆ ಅಂದರೂ, ಈಗ ಬೇಡ, ಆಮೇಲೆ ನಾನೇ ಬರುತ್ತೇನೆ ಅಂದುಬಿಟ್ಟ. ಹೊಸ ವಿದ್ಯೆ ಕಲಿಯುತ್ತಿದ್ದನಂತೆ. ಒಂದು ಬಿಡಿಗಾಸಿನ ಸಂಪಾದನೆ ಇಲ್ಲ. ಊಟವೋ, ಹತ್ತು ಜನರದ್ದು. ಅವಳ ತಂದೆ ಎತ್ತಿನ ರಾಜ ಕೊಟ್ಟ ಐಶ್ವರ್ಯ ಕರಗುತ್ತ ಬಂತು. ಒಟ್ಟು ಕಥೆಯಲ್ಲಿ ಎಷ್ಟು ಬಟ್ಟಲು ಅನ್ನ ಖಾಲಿಯಾಯಿತೋ, ಅಷ್ಟನ್ನೂ ತೊಳೆದಿಟ್ಟವರು ಯಾರು ಅಂತ ನಾನು ಕೇಳಿದೆ. ತಮ್ಮ ಉತ್ತರ ಕೊಡಲಿಲ್ಲ. ಅವನ ಹೆಂಡತಿ ಮಾತ್ರ ನನ್ನ ಕಡೆ ನೋಡಿ ನಕ್ಕಳು.

ಒಂದು ವಿಷಯ ಹೇಳಿದರೆ ನಿಮಗೂ ಖುಷಿಯಾದೀತು. ಗೊಕು ಎರಡು ಕೈ ಜೋಡಿಸಿ ಬೆಳಕು ಬಿಡುವಾಗ "ಕಾಮೆಹಾಮೆಹಾ" ಅಂತ ಕೂಗುತ್ತಾನಲ್ಲ, ದೇಶದೇಶದ ಮಕ್ಕಳು ಕೂಗಿದ್ದು, ಆ ಹೆಸರು ಸೂಚಿಸಿದ್ದು ತೋರಿಯಾಮ ಅವರ ಹೆಂಡತಿ. ಹವಾಯಿ ದ್ವೀಪದ ರಾಜನೊಬ್ಬನ ಹೆಸರದು. ಮತ್ತೆ ಗೊಕುವಿನ ದನಿ? ಮೂಲ ಜಪಾನೀ ಭಾಷೆಯಲ್ಲಿ ಅದು ಮಸಾಕೊ ನೊಜಾವಾ ಎಂಬ ಮಹಿಳೆಯದು. 1986ರಲ್ಲಿ ಶುರುವಾದಾಗ ಅವರಿಗೆ 49 ವರ್ಷ. 2024ರಲ್ಲಿ ಹೊಸ ಸರಣಿ ಬಂದಾಗಲೂ ಅವರೇ ದನಿ ಕೊಟ್ಟರು. ಮಗ ಗೋಹಾನನ ದನಿಯೂ ಅವರದೇ. ಅಷ್ಟು ದೊಡ್ಡ ಗಂಡಸಿನ ಅಬ್ಬರ ಬಂದದ್ದು ನಮ್ಮಂಥ ಹೆಂಗಸಿನ ಗಂಟಲಿನಿಂದ!

ಇಲ್ಲಿಯವರೆಗೆ ನಾನು ಚೀಚಿಯ ವಕೀಲಳಾಗಿ ಹಾಯಾಗಿದ್ದೆ. ಸೆಲ್ ಎಂಬ ರಾಕ್ಷಸನ ಭಾಗ ಬಂತು. ಗೋಹಾನ್ ಇನ್ನೂ ಚಿಕ್ಕ ಹುಡುಗ. ತನಗಿಂತ ಮಗನಲ್ಲೇ ಹೆಚ್ಚು ಶಕ್ತಿಯಿದೆ ಅಂತ ಗೊಕು ಅವನನ್ನು ಆ ರಾಕ್ಷಸನ ಮುಂದೆ ನಿಲ್ಲಿಸಿಬಿಡುತ್ತಾನೆ. ಹುಡುಗನಿಗೆ ಕೋಪವೇ ಬರುತ್ತಿಲ್ಲ, ಏಟು ತಿನ್ನುತ್ತಿದ್ದಾನೆ. ಆಗ ಪಿಕೊಲೊ, ಅಂದು ಮಗುವನ್ನು ಎತ್ತಿಕೊಂಡು ಹೋದವನೇ, ಗೊಕುವಿಗೆ ಮುಖಕ್ಕೆ ಹೊಡೆದಂತೆ ಹೇಳುತ್ತಾನೆ. ಅವನಿಗೆ ನಿನ್ನ ಹಾಗೆ ಹೊಡೆದಾಟ ಇಷ್ಟವಿಲ್ಲ, ನಾನು ಸಾಯುತ್ತಿದ್ದರೂ ಅಪ್ಪ ಯಾಕೆ ಬರುತ್ತಿಲ್ಲ ಅಂತ ಅವನು ಯೋಚಿಸುತ್ತಿದ್ದಾನೆ, ಅದು ನಿನಗೆ ಗೊತ್ತೇ, ಅಂತ. ಗೊಕುವಿನ ಮುಖ ಬಿಳಿಚಿಕೊಳ್ಳುತ್ತದೆ. ಗೊತ್ತಿರಲಿಲ್ಲ ಅವನಿಗೆ.

"ನೋಡಿದ್ಯಾ? ಚೀಚಿ ಹೇಳಿದ್ದೇ ಸರಿ! ಓದಿಸಬೇಕಿತ್ತು" ಅಂದೆ ನಾನು, ಗೆದ್ದವಳ ಹಾಗೆ.

ನನ್ನ ಮಗ ಟೀವಿಯಿಂದ ಕಣ್ಣು ತೆಗೆಯದೆ, "ಅವಳೂ ಕೇಳಿರ್ಲಿಲ್ಲ ಅಲ್ವಾಮ್ಮ" ಅಂದ. ಅಷ್ಟೇ. ದನಿಯಲ್ಲಿ ಸಿಟ್ಟೂ ಇರಲಿಲ್ಲ.

ನಿಮಗೆ ಹೇಳಲೇಬೇಕು. ಅವನು ಐದನೇ ಕ್ಲಾಸಿನಿಂದ ಕರಾಟೆ ಕಲಿಯುತ್ತಿದ್ದ. ಕಂದು ಬೆಲ್ಟಿನವರೆಗೆ ಬಂದಿದ್ದ. ಹತ್ತನೇ ಕ್ಲಾಸು ಶುರುವಾದ ಜೂನ್ ತಿಂಗಳಲ್ಲಿ, ಒಂದು ವರ್ಷ ಸಾಕು ಅಂತ ನಾನು ಬಿಡಿಸಿದೆ. ಮಾರ್ಕ್ಸು ಚೆನ್ನಾಗಿಯೇ ಬಂತು, ಅದಕ್ಕೇನೂ ಕೊರತೆಯಿಲ್ಲ. ಪಿಯುಸಿಗೆ ಸೇರಿದ. ಮತ್ತೆ ಕರಾಟೆಗೆ ಹೋಗುತ್ತೇನೆ ಅಂತ ಅವನೂ ಅನ್ನಲಿಲ್ಲ, ಹೋಗುತ್ತೀಯಾ ಅಂತ ನಾನೂ ಅನ್ನಲಿಲ್ಲ. ಬಿಳಿ ಬಟ್ಟೆ ಗಿಡ್ಡವಾಗಿತ್ತು. ದಪ್ಪ ಹತ್ತಿ ಬಟ್ಟೆ, ಸುಮ್ಮನೆ ಯಾಕೆ ಹಾಳು ಅಂತ ಕತ್ತರಿಸಿ, ಅಂಚು ಹೊಲಿದು, ನಾಲ್ಕು ಮಸಿಬಟ್ಟೆ ಮಾಡಿದೆ. ಅವನು ಆ ಮಾತಾಡಿದಾಗ ಅದರಲ್ಲೊಂದು ನನ್ನ ತೊಡೆಯ ಮೇಲೇ ಇತ್ತು. ಕಾಫಿ ಪಾತ್ರೆ ಇಳಿಸಿ ಹಾಗೇ ಬಂದು ಕೂತಿದ್ದೆ.

ಕಂತು ಮುಂದುವರಿಯಿತು. ಗೋಹಾನ್ ಗೆಲ್ಲುತ್ತಾನೆ, ಆದರೆ ಗೆದ್ದೆನೆಂಬ ಗರ್ವದಲ್ಲಿ ತಡಮಾಡಿ ತಂದೆಯನ್ನು ಕಳೆದುಕೊಳ್ಳುತ್ತಾನೆ. ಗೊಕು ಸಿಡಿಯಲಿರುವ ರಾಕ್ಷಸನನ್ನು ಮುಟ್ಟಿ ಮಾಯವಾಗುವ ಮುಂಚೆ ಮಗನಿಗೆ, ಅಮ್ಮನಿಗೆ ನನ್ನ ಪರವಾಗಿ ಕ್ಷಮೆ ಕೇಳು ಅಂತ ಹೇಳಿ ಹೋಗುತ್ತಾನೆ. ಮುಖಾಮುಖಿ ಕೇಳಬಾರದಿತ್ತೇ ಮಹಾರಾಯ? ಮತ್ತೆ ಬದುಕಿಸಿಕೊಳ್ಳುತ್ತೇವೆ ಅಂದರೆ, ನಾನಿದ್ದರೆ ಭೂಮಿಗೆ ಆಪತ್ತು ಹೆಚ್ಚು ಅಂತ ಅದಕ್ಕೂ ಒಪ್ಪುವುದಿಲ್ಲ. ಇತ್ತ ಚೀಚಿಗೆ ಎರಡನೇ ಮಗು ಹುಟ್ಟುತ್ತದೆ. ಮುಂದಿನ ಏಳು ವರ್ಷ ಅವಳೊಬ್ಬಳದೇ ಸಂಸಾರ.

ಮುಂದಿನದನ್ನು ತಮ್ಮ ಈಗಾಗಲೇ ಹೇಳಿಬಿಟ್ಟಿದ್ದಾನೆ, ಗುಟ್ಟು ಇಟ್ಟುಕೊಳ್ಳುವ ಸ್ವಭಾವವೇ ಅಲ್ಲ ಅವನದು. ಗೋಹಾನ್ ಮನೆಯಲ್ಲೇ ಓದಿ ಹೈಸ್ಕೂಲು ಸೇರುತ್ತಾನಂತೆ. ದೊಡ್ಡವನಾಗಿ ವಿದ್ವಾಂಸನೇ ಆಗುತ್ತಾನಂತೆ. 2022ರಲ್ಲಿ ಬಂದ ಸಿನಿಮಾದಲ್ಲಿ ಹೆಂಡತಿ ಮಗಳನ್ನೂ ಮರೆತು ಇರುವೆಗಳ ಮೇಲೆ ಸಂಶೋಧನೆ ಬರೆಯುತ್ತ ಕೂತಿರುತ್ತಾನಂತೆ! ಗೊಕುವನ್ನೂ ಅವಳು ಸುಮ್ಮನೆ ಬಿಡಲಿಲ್ಲ. 2015ರಲ್ಲಿ ಶುರುವಾದ ಸರಣಿಯ ಮೊದಲ ಕಂತಿನಲ್ಲಿ ಅವನು ಟ್ರ್ಯಾಕ್ಟರ್ ಹತ್ತಿ ಹೊಲ ಉಳುತ್ತಿರುತ್ತಾನಂತೆ. ಇನ್ನು ಎರಡನೇ ಮಗ ಗೊತೆನ್‌ಗೆ ಹೊಡೆದಾಟ ಕಲಿಸಿದ್ದು ಯಾರು ಗೊತ್ತೇ? ಚೀಚಿಯೇ. ಅಖಾಡ ಬಿಟ್ಟು ಅಷ್ಟು ವರ್ಷವಾದ ಮೇಲೆ ಸೌಟು ಕೆಳಗಿಟ್ಟು ತಾನೇ ನಿಂತು ಕಲಿಸಿದಳು. ಆ ಹುಡುಗನಿಗೆ ಯಾಕೆ ಕಲಿಸಿದಳು, ಅವನು ಕೇಳಿದನೋ ಇವಳೇ ಕೇಳಿದಳೋ, ಅದನ್ನು ನೋಡಬೇಕೆಂದು ನನಗೆ ಆತುರ. ಆ ಭಾಗ ಬರುವ ಭಾನುವಾರದಿಂದ.

ಅಜ್ಜಿ ಕೋಡುಬಳೆ ಮಾಡಿ ತರುತ್ತೇನೆ ಅಂದಿದ್ದಾರೆ. ಮಸಿಬಟ್ಟೆಗಳನ್ನು ಒಗೆದು ಒಣಗಿಸಿ ಮಡಚಿ ಒಳಗಿಟ್ಟೆ. ಪಾತ್ರೆ ಇಳಿಸಲು ಹಳೆಯ ಟವಲು ಸಾಕು. ಕಂದು ಬೆಲ್ಟು ಎಲ್ಲಿಟ್ಟಿದ್ದೆನೋ ಅಂತ ಮೂರು ದಿನ ಹುಡುಕಿದೆ, ಟ್ರಂಕಿನ ತಳದಲ್ಲಿ ಚಳಿಗಾಲದ ರಗ್ಗಿನ ಕೆಳಗೆ ಸಿಕ್ಕಿತು. ಅವನ ಓದುವ ಮೇಜಿನ ಮೇಲೆ ಇಟ್ಟು ಬಂದೆ. ಎರಡು ದಿನವಾಯಿತು, ಮೇಜಿನ ಮೇಲಿಂದ ಅದು ಹೋಗಿದೆ. ಎಲ್ಲಿಗೆ ಅಂತ ಅವನು ಹೇಳಿಲ್ಲ. ನಾಳೆ ಬೆಳಿಗ್ಗೆ ಕಾಫಿ ಕೊಡುವಾಗ ಕೇಳುತ್ತೇನೆ.